ವಿಶ್ವ ಜೂನಿಯರ್ ಐಸ್ ಹಾಕಿ: ಹತ್ತು ಗೋಲಿನಿಂದ ಸೋತವರು ಮರುವರ್ಷ ಗೆದ್ದದ್ದು ಹೇಗೆ?

ಪ್ರಶ್ನೆ: ಡಿಸೆಂಬರ್ ಕೊನೆಗೆ ನಡೆಯುವ ವಿಶ್ವ ಜೂನಿಯರ್ ಐಸ್ ಹಾಕಿ ಪಂದ್ಯಾವಳಿಯನ್ನು ಈಚೆಗೆ ನೋಡಲು ಶುರುಮಾಡಿದ್ದೇನೆ. 2023ರ ಡಿಸೆಂಬರ್‌ನಲ್ಲಿ ಕೆನಡಾ ಲಾಟ್ವಿಯಾವನ್ನು 10–0 ಅಂತರದಲ್ಲಿ ಸೋಲಿಸಿತು. ಸರಿಯಾಗಿ ಒಂದು ವರ್ಷಕ್ಕೆ, ಅದೂ ಕೆನಡಾದ ನೆಲದಲ್ಲೇ, ಅದೇ ಲಾಟ್ವಿಯಾ ಕೆನಡಾವನ್ನು ಸೋಲಿಸಿತು. ಇದು ಹೇಗೆ ಸಾಧ್ಯ? ಇಷ್ಟು ಏರುಪೇರಾಗುವ ಪಂದ್ಯಾವಳಿಯ ಫಲಿತಾಂಶಕ್ಕೆ ಬೆಲೆ ಇದೆಯೇ? ಇಲ್ಲಿ ಮಿಂಚಿದ ಹುಡುಗರೇ ಮುಂದೆ ದೊಡ್ಡ ಆಟಗಾರರಾಗುತ್ತಾರೆ ಎಂದು ನಂಬಬಹುದೇ?

ಉತ್ತರ: ನೀವು ಹೇಳಿದ ಎರಡು ಫಲಿತಾಂಶಗಳಿಗೂ ಬೆಲೆ ಇದೆ. ಆದರೆ ನೀವು ಹೋಲಿಸುತ್ತಿರುವುದು ಒಂದೇ ಕೆನಡಾವನ್ನಲ್ಲ, ಒಂದೇ ಲಾಟ್ವಿಯಾವನ್ನೂ ಅಲ್ಲ. ಈ ಪಂದ್ಯಾವಳಿಯಲ್ಲಿ ವರ್ಷದಿಂದ ವರ್ಷಕ್ಕೆ ಉಳಿಯುವುದು ದೇಶದ ಹೆಸರು ಮತ್ತು ಅಂಗಿಯ ಬಣ್ಣ ಮಾತ್ರ. ಒಳಗಿನ ಹುಡುಗರು ಬದಲಾಗುತ್ತಲೇ ಇರುತ್ತಾರೆ. ಹಾಗಾಗಿ ಒಂದು ವರ್ಷದ ಪದಕ ಆ ಹನ್ನೊಂದು ದಿನಗಳ ಮಟ್ಟಿಗಿನ ಸತ್ಯ. ಹತ್ತು ವರ್ಷದ ಪದಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಮಾತ್ರ ಒಂದು ದೇಶ ತನ್ನ ಮಕ್ಕಳಿಗೆ ಆಟವನ್ನು ಹೇಗೆ ಕಲಿಸುತ್ತಿದೆ ಎಂಬುದು ಕಾಣುತ್ತದೆ. ಒಬ್ಬ ಹುಡುಗನ ಭವಿಷ್ಯವನ್ನಂತೂ ಇಲ್ಲಿನ ಅಂಕಪಟ್ಟಿಯಲ್ಲಿ ಹುಡುಕಲೇಬೇಡಿ.

ನಿಯಮದಿಂದಲೇ ಶುರುಮಾಡೋಣ. ಪಂದ್ಯಾವಳಿ ಡಿಸೆಂಬರ್ 26ಕ್ಕೆ ಆರಂಭವಾಗಿ ಜನವರಿ 5ರ ಸುಮಾರಿಗೆ ಮುಗಿಯುತ್ತದೆ. ಆರಂಭವಾದ ವರ್ಷದ ಡಿಸೆಂಬರ್ 31ಕ್ಕೆ ಆಟಗಾರನಿಗೆ ಇಪ್ಪತ್ತು ತುಂಬಿರಬಾರದು. 2024ರ ಡಿಸೆಂಬರ್‌ನಲ್ಲಿ ಒಟ್ಟಾವಾದಲ್ಲಿ ಶುರುವಾದ ಪಂದ್ಯಾವಳಿಗೆ 2005ರಲ್ಲಿ ಅಥವಾ ಆಮೇಲೆ ಹುಟ್ಟಿದವರು ಮಾತ್ರ ಅರ್ಹರಾಗಿದ್ದರು. ಹೆಚ್ಚಿನ ತಂಡಗಳಲ್ಲಿ ಹತ್ತೊಂಬತ್ತರ ಹುಡುಗರದೇ ಬಹುಮತ, ಒಂದಷ್ಟು ಹದಿನೆಂಟರವರು, ಅಪರೂಪಕ್ಕೆ ಒಬ್ಬ ಹದಿನೇಳರವನು. ಹತ್ತೊಂಬತ್ತರವರೆಲ್ಲ ಮರುವರ್ಷಕ್ಕೆ ಅನರ್ಹರು. ಅಂದರೆ ಪ್ರತಿ ಜನವರಿಯಲ್ಲೂ ತಂಡದ ದೊಡ್ಡ ಭಾಗ ಎದ್ದುಹೋಗುತ್ತದೆ. ಮರುವರ್ಷ ಬರುವವರು ಬೇರೊಂದು ಪೀಳಿಗೆಯ ಮಕ್ಕಳು. 2023ರಲ್ಲಿ ಹತ್ತು ಗೋಲು ಬಿಟ್ಟುಕೊಟ್ಟ ಲಾಟ್ವಿಯಾಕ್ಕೂ 2024ರಲ್ಲಿ ಗೆದ್ದ ಲಾಟ್ವಿಯಾಕ್ಕೂ ಇರುವ ದೂರ ಇದು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೊಸದಾಗಿ ನೋಡುವವರು ಅದನ್ನು ಗಮನಿಸುವುದೇ ಇಲ್ಲ, ಯಾಕೆಂದರೆ ಅದು ರಿಂಕ್‌ನಲ್ಲಿ, ಅಂದರೆ ಆಟದ ಮಂಜಿನ ಅಂಗಳದಲ್ಲಿ, ಕಾಣುವ ವಿಷಯವಲ್ಲ: ಯಾರು ಬಂದಿಲ್ಲ ಎನ್ನುವುದು. ಡಿಸೆಂಬರ್ ಎಂದರೆ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್ ಭರದಿಂದ ನಡೆಯುತ್ತಿರುವ ತಿಂಗಳು. ಅಲ್ಲಿನ ಕ್ಲಬ್‌ಗಳು ತಮ್ಮಲ್ಲಿ ಆಡುತ್ತಿರುವ ಹತ್ತೊಂಬತ್ತರ ಹುಡುಗನನ್ನು ಜೂನಿಯರ್ ಪಂದ್ಯಾವಳಿಗೆ ಬಿಟ್ಟುಕೊಡಬೇಕೆಂಬ ಕಡ್ಡಾಯವಿಲ್ಲ. ಬಿಟ್ಟುಕೊಡುವುದೂ ಕಡಿಮೆ. ಕಾನರ್ ಬೆಡಾರ್ಡ್ 2023ರ ಜನವರಿಯಲ್ಲಿ ಮುಗಿದ ಪಂದ್ಯಾವಳಿಯಲ್ಲಿ ಏಳು ಪಂದ್ಯಗಳಲ್ಲಿ 23 ಅಂಕ (ಆಟಗಾರನಿಗೆ ಗೋಲು ಹೊಡೆದರೂ ಒಂದು, ಗೋಲಿಗೆ ನೆರವಾದರೂ ಒಂದು) ಗಳಿಸಿ ಕೆನಡಾಕ್ಕೆ ಚಿನ್ನ ತಂದ. ಆಗ ಅವನಿಗೆ ಹದಿನೇಳು. ಅದೇ ಬೇಸಿಗೆಯಲ್ಲಿ ಎನ್‌ಎಚ್‌ಎಲ್ ಕ್ಲಬ್‌ಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಶಿಕಾಗೊ ಕ್ಲಬ್ ಅವನನ್ನು ಮೊದಲಿಗನಾಗಿ ಆರಿಸಿಕೊಂಡಿತು. ಅಲ್ಲಿಂದಾಚೆ ಅವನು ಜೂನಿಯರ್ ತಂಡಕ್ಕೆ ಮರಳಲಿಲ್ಲ. ಮ್ಯಾಕ್ಲಿನ್ ಸೆಲೆಬ್ರಿನಿಯದೂ ಇದೇ ಕಥೆ. 2023ರ ಡಿಸೆಂಬರ್‌ನಲ್ಲಿ ಹದಿನೇಳರ ಹುಡುಗನಾಗಿ ಕೆನಡಾ ಪರ ಆಡಿದ, ಮುಂದಿನ ಬೇಸಿಗೆಗೆ ಡ್ರಾಫ್ಟ್‌ನ ಮೊದಲಿಗನಾಗಿ ಸ್ಯಾನ್ ಹೋಸೆ ಸೇರಿದ. ಒಟ್ಟಾವಾದಲ್ಲಿ ಲಾಟ್ವಿಯಾ ಎದುರು ಕೆನಡಾ ಸೋತ ದಿನ ಈ ಇಬ್ಬರೂ ವಯಸ್ಸಿನ ಲೆಕ್ಕದಲ್ಲಿ ಅರ್ಹರೇ ಆಗಿದ್ದರು. ಆದರೆ ಇಬ್ಬರೂ ದೊಡ್ಡವರ ಜೊತೆ ಆಡುತ್ತಿದ್ದರು.

ಲಾಟ್ವಿಯಾದಂಥ ದೇಶಕ್ಕೆ ಈ ನಷ್ಟ ಕಡಿಮೆ. ಅದರ ಒಳ್ಳೆಯ ಹುಡುಗರು ಬಹುಮಟ್ಟಿಗೆ ಎಲ್ಲರೂ ತಂಡಕ್ಕೆ ಸಿಗುತ್ತಾರೆ. ಹೀಗೆ ಎತ್ತರದ ತಂಡ ಸ್ವಲ್ಪ ಇಳಿದು, ಕೆಳಗಿನ ತಂಡ ಇದ್ದಲ್ಲೇ ಇದ್ದು, ನಡುವಿನ ಅಂತರ ಕಿರಿದಾಗುತ್ತದೆ.

ಎಲ್ಲರೂ ಬಂದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 2004–05ರ ಹಂಗಾಮಿನಲ್ಲಿ ಕ್ಲಬ್ ಮಾಲೀಕರಿಗೂ ಆಟಗಾರರ ಸಂಘಕ್ಕೂ ಒಪ್ಪಂದ ಮುರಿದುಬಿದ್ದು ಎನ್‌ಎಚ್‌ಎಲ್ ಇಡೀ ವರ್ಷ ನಡೆಯಲೇ ಇಲ್ಲ. ಹಿಂದಿನ ವರ್ಷ ಎನ್‌ಎಚ್‌ಎಲ್‌ನಲ್ಲಿ ಪೂರ್ತಿ ಹಂಗಾಮು ಆಡಿದ್ದ ಪಟ್ರೀಸ್ ಬರ್ಜರಾನ್ ಕೆನಡಾದ ಜೂನಿಯರ್ ತಂಡಕ್ಕೆ ಸಿಕ್ಕಿದ. ಅವನ ಜೊತೆಗೆ ಮುಂದೆ ದೊಡ್ಡ ಹೆಸರಾದ ಸಿಡ್ನಿ ಕ್ರಾಸ್ಬಿ, ರಯಾನ್ ಗೆಟ್ಜ್‌ಲಾಫ್, ಕೋರಿ ಪೆರಿ, ಶೇ ವೆಬರ್. ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಆ ತಂಡ ಆರಕ್ಕೆ ಆರೂ ಪಂದ್ಯ ಗೆದ್ದಿತು. ಒಟ್ಟು 41 ಗೋಲು ಹೊಡೆದು ಬಿಟ್ಟುಕೊಟ್ಟದ್ದು ಏಳೇ. ಫೈನಲ್‌ನಲ್ಲಿ ಅಲೆಕ್ಸಾಂಡರ್ ಒವೆಚ್ಕಿನ್, ಎವ್ಗೆನಿ ಮಾಲ್ಕಿನ್ ಇದ್ದ ರಷ್ಯಾವನ್ನು 6–1ರಿಂದ ಮುಗಿಸಿಬಿಟ್ಟಿತು. ಜೂನಿಯರ್ ಹಾಕಿಯಲ್ಲಿ ಅಂಥ ತಂಡ ಇನ್ನೊಂದು ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಆ ಪಂದ್ಯಕ್ಕೆ ಬರುತ್ತೇನೆ. 2024ರ ಡಿಸೆಂಬರ್ 27. ನಿಗದಿತ ಸಮಯ ಮುಗಿದಾಗ 2–2. ಮೂವರ ಎದುರು ಮೂವರು ಆಡುವ ಐದು ನಿಮಿಷದ ಓವರ್‌ಟೈಮ್‌ನಲ್ಲೂ ಗೋಲಿಲ್ಲ. ಕೊನೆಗೆ, ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಬಂದು ಹೊಡೆಯುವ ಶೂಟೌಟ್‌ನಲ್ಲಿ, ಎರಿಕ್ಸ್ ಮತೇಯ್ಕೊ ಗೋಲು ಹೊಡೆದು ಲಾಟ್ವಿಯಾ ಗೆದ್ದಿತು. ಈ ಪಂದ್ಯಾವಳಿಯಲ್ಲಿ ಕೆನಡಾ ಎದುರು ಅದರ ಮೊದಲ ಗೆಲುವು ಅದು. ಆದರೆ ಆ ರಾತ್ರಿಯ ನಿಜವಾದ ನಾಯಕ ಗೋಲ್‌ಕೀಪರ್ ಲಿನಾರ್ಡ್ಸ್ ಫೆಲ್ಡ್‌ಬರ್ಗ್ಸ್. ಕೆನಡಾದ 57 ಹೊಡೆತಗಳಲ್ಲಿ 55ನ್ನು ಅವನು ತಡೆದ.

ಈ ಸಂಖ್ಯೆಯ ತೂಕ ತಿಳಿಯಬೇಕಾದರೆ ಒಂದು ಸರಾಸರಿ ಗೊತ್ತಿರಬೇಕು. ದೊಡ್ಡವರ ಲೀಗ್‌ಗಳಲ್ಲಿ ಒಳ್ಳೆಯ ಗೋಲ್‌ಕೀಪರ್ ತನ್ನತ್ತ ಬಂದ ನೂರು ಹೊಡೆತಗಳಲ್ಲಿ ತೊಂಬತ್ತು, ತೊಂಬತ್ತೊಂದನ್ನು ತಡೆಯುತ್ತಾನೆ. ಆ ಲೆಕ್ಕದಲ್ಲಿ 57 ಹೊಡೆತಕ್ಕೆ ಐದಾರು ಗೋಲು ಬೀಳಬೇಕಿತ್ತು. ಬಿದ್ದದ್ದು ಎರಡು. ಹಾಗೆಂದು ಇದು ಬರೀ ಅದೃಷ್ಟವಲ್ಲ. ಬಲಹೀನ ತಂಡವನ್ನು ಚೆನ್ನಾಗಿ ತರಬೇತುಗೊಳಿಸಿದರೆ ಅದು ಎದುರಾಳಿಗೆ ಹೊಡೆತಗಳನ್ನು ಬಿಟ್ಟುಕೊಡುತ್ತದೆ, ಜಾಗವನ್ನು ಬಿಟ್ಟುಕೊಡುವುದಿಲ್ಲ. ಗೋಲಿನ ನೇರ ಮುಂದಿನ ಆಯಕಟ್ಟಿನ ಪ್ರದೇಶದಲ್ಲಿ ಐವರೂ ಗುಂಪಾಗಿ ನಿಂತು, ಎದುರಾಳಿಯನ್ನು ಬದಿಯ ಹಲಗೆಗಳತ್ತ ತಳ್ಳಿ, ಅಲ್ಲಿಂದ ಎಷ್ಟು ಬೇಕಾದರೂ ಹೊಡೆದುಕೊಳ್ಳಲಿ ಎಂದು ಬಿಡುತ್ತದೆ. ದೂರದ ಹೊಡೆತವನ್ನು ಗೋಲ್‌ಕೀಪರ್ ನೋಡಬಲ್ಲ, ನೋಡಿದ್ದನ್ನು ತಡೆಯಬಲ್ಲ. ಹಾಗಾಗಿ 57 ಹೊಡೆತ ಎಂದ ಕೂಡಲೇ ಐವತ್ತೇಳು ಅವಕಾಶ ಎಂದುಕೊಳ್ಳಬಾರದು. ಕೆನಡಾದ ಹುಡುಗರು ಆ ದಿನ ಆತುರಪಟ್ಟರು, ಹತ್ತಿರಕ್ಕೆ ನುಗ್ಗುವ ಬದಲು ಸಿಕ್ಕಲ್ಲಿಂದ ಹೊಡೆದರು ಎಂಬುದೂ ನನ್ನ ಅನಿಸಿಕೆ.

ಐಸ್ ಹಾಕಿಯಲ್ಲಿ ಒಬ್ಬನೇ ವ್ಯಕ್ತಿ ಒಂದು ರಾತ್ರಿಯ ಮಟ್ಟಿಗೆ ಎರಡು ತಂಡಗಳ ನಡುವಿನ ಅಂತರವನ್ನು ಅಳಿಸಿಹಾಕಬಲ್ಲ. ಅವನು ಗೋಲ್‌ಕೀಪರ್. ಉಳಿದವರು ನಲವತ್ತು ಐವತ್ತು ಸೆಕೆಂಡಿಗೊಮ್ಮೆ ಬೆಂಚಿಗೆ ಮರಳುತ್ತಾರೆ. ಬಲಿಷ್ಠ ತಂಡದ ಅತ್ಯುತ್ತಮ ಫಾರ್ವರ್ಡ್ ಕೂಡ ಅರವತ್ತು ನಿಮಿಷಗಳಲ್ಲಿ ಇಪ್ಪತ್ತರ ಆಸುಪಾಸು ಆಡಿದರೆ ಹೆಚ್ಚು. ಗೋಲ್‌ಕೀಪರ್ ಮಾತ್ರ ಪೂರ್ತಿ ಅರವತ್ತು ನಿಮಿಷ ನಿಂತಿರುತ್ತಾನೆ. ಸಣ್ಣ ದೇಶಕ್ಕೆ ಇಪ್ಪತ್ತು ಜನ ಒಳ್ಳೆಯ ಸ್ಕೇಟರ್‌ಗಳನ್ನು ಒಟ್ಟುಮಾಡುವುದು ಕಷ್ಟ, ಒಬ್ಬ ಒಳ್ಳೆಯ ಗೋಲ್‌ಕೀಪರ್ ಹುಟ್ಟಿಬರುವುದು ಅಷ್ಟು ಕಷ್ಟವಲ್ಲ. ಈ ಪಂದ್ಯಾವಳಿಯ ದೊಡ್ಡ ಅಚ್ಚರಿಗಳ ಹಿಂದೆ ಹೆಚ್ಚಿನ ಬಾರಿ ಒಬ್ಬ ಗೋಲ್‌ಕೀಪರ್ ಇರುತ್ತಾನೆ.

ಲಾಟ್ವಿಯಾದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇಪ್ಪತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ದೇಶ ಅದು. ಐಸ್ ಹಾಕಿ ಅಲ್ಲಿ ಜನರ ಜೀವದ ಆಟ. ಕೋವಿಡ್‌ನಿಂದ ಮುಂದೂಡಿ 2022ರ ಆಗಸ್ಟ್‌ನಲ್ಲಿ ನಡೆಸಿದ ಪಂದ್ಯಾವಳಿಯಲ್ಲಿ, ರಷ್ಯಾವನ್ನು ಹೊರಗಿಟ್ಟಾಗ ತೆರವಾದ ಜಾಗಕ್ಕೆ ಬಂದ ಲಾಟ್ವಿಯಾ, ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. 2023ರ ಮೇ ತಿಂಗಳಲ್ಲಿ ಅದರ ಹಿರಿಯರ ತಂಡ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕವನ್ನು ಸೋಲಿಸಿ ಕಂಚು ಗೆದ್ದಿತು. ಆ 10–0 ಇವೆರಡರ ನಂತರ ಬಂದದ್ದು. ಹಾಗಾಗಿ ಮರುವರ್ಷದ ಗೆಲುವನ್ನು ಆಕಸ್ಮಿಕ ಎಂದು ತಳ್ಳಿಹಾಕಿದರೆ ಆ ದೇಶಕ್ಕೆ ಅನ್ಯಾಯ ಮಾಡಿದಂತೆ.

ಇನ್ನು ಪಂದ್ಯಾವಳಿಯ ರಚನೆ. ಹತ್ತು ತಂಡ, ಐದೈದರ ಎರಡು ಗುಂಪು. ಪ್ರತಿ ತಂಡಕ್ಕೂ ಗುಂಪಿನಲ್ಲಿ ನಾಲ್ಕು ಪಂದ್ಯ. ಮೊದಲ ನಾಲ್ಕು ಸ್ಥಾನದವರು ಕ್ವಾರ್ಟರ್ ಫೈನಲ್‌ಗೆ, ಅಲ್ಲಿ ಸೋತವರು ಮನೆಗೆ. ನಿಗದಿತ ಸಮಯದಲ್ಲಿ ಗೆದ್ದರೆ ಮೂರು ಅಂಕ, ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಗೆದ್ದರೆ ಎರಡು, ಹಾಗೆ ಸೋತರೆ ಒಂದು. ಎರಡು ತಂಡಗಳ ಅಂಕ ಸಮವಾದರೆ ಮೊದಲು ನೋಡುವುದು ಅವುಗಳ ನಡುವಿನ ಪಂದ್ಯವನ್ನು. ಆದ್ದರಿಂದ ಕೊನೆಯ ಸ್ಥಾನದ ತಂಡದ ಮೇಲೆ ಹತ್ತು ಗೋಲು ಹೊಡೆದರೂ ಮೂರೇ ಅಂಕ, ಒಂದು ಗೋಲಿನ ಗೆಲುವಿಗೂ ಮೂರೇ. ನಿಮ್ಮನ್ನು ಬೆರಗಾಗಿಸಿದ 10–0 ಅಂಕಪಟ್ಟಿಯಲ್ಲಿ ಮಾಡಿದ ಕೆಲಸ 1–0 ಮಾಡುವಷ್ಟೇ.

ಆದರೆ ಆ ಶೂಟೌಟ್ ಸೋಲು ಮಾಡಿದ ಕೆಲಸ ಬಹಳ ದೊಡ್ಡದು. ಒಟ್ಟಾವಾದ ಗುಂಪಿನಲ್ಲಿ ಕೆನಡಾ ಫಿನ್‌ಲೆಂಡನ್ನು 4–0, ಜರ್ಮನಿಯನ್ನು 3–0 ಅಂತರದಲ್ಲಿ ಸೋಲಿಸಿತು, ಲಾಟ್ವಿಯಾ ಎದುರು ಒಂದೇ ಅಂಕ ಪಡೆಯಿತು, ಅಮೆರಿಕದ ಎದುರು 4–1ರಿಂದ ಸೋತಿತು. ಒಟ್ಟು ಏಳು ಅಂಕ. ಫಿನ್‌ಲೆಂಡ್‌ಗೆ ಎಂಟು. ಹಾಗಾಗಿ ಕೆನಡಾ ಮೂರನೆಯ ಸ್ಥಾನಕ್ಕೆ ಇಳಿದು ಕ್ವಾರ್ಟರ್ ಫೈನಲ್‌ನಲ್ಲಿ ಚೆಕ್ ತಂಡವನ್ನು ಎದುರಿಸಬೇಕಾಯಿತು. ಲಾಟ್ವಿಯಾವನ್ನು ನಿಗದಿತ ಸಮಯದಲ್ಲಿ ಸೋಲಿಸಿದ್ದರೆ ಒಂಬತ್ತು ಅಂಕ, ಎರಡನೆಯ ಸ್ಥಾನ, ಎದುರಾಳಿ ಸ್ಲೊವಾಕಿಯಾ. ಏನಾಯಿತು ನೋಡಿ: ಸ್ಲೊವಾಕಿಯಾವನ್ನು ಎದುರಿಸಿದ ಫಿನ್‌ಲೆಂಡ್ ಗೆದ್ದು ಫೈನಲ್‌ವರೆಗೂ ಹೋಯಿತು. ಕೆನಡಾ ಚೆಕ್ ಎದುರು ಕೊನೆಯ ನಿಮಿಷದಲ್ಲಿ ಆಡಮ್ ಯೆಚೊ ಹೊಡೆದ ಗೋಲಿನಿಂದ 4–3ರಲ್ಲಿ ಸೋತು ಹೊರಬಿತ್ತು. ಅದಕ್ಕೂ ಹಿಂದಿನ ವರ್ಷ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲೂ ಇದೇ ಹಂತ, ಇದೇ ಎದುರಾಳಿ, ಕೊನೆಯ ಹನ್ನೆರಡು ಸೆಕೆಂಡಿನೊಳಗೆ ಯಾಕುಬ್ ಶ್ತಾಂಟ್ಸ್ಲ್ ಹೊಡೆದ ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಕೆನಡಾದ ಡಿಫೆಂಡರ್‌ಗೇ ತಾಗಿ ಒಳಗೆ ಹೋಗಿತ್ತು. ಎರಡು ವರ್ಷಗಳ ಕೆನಡಾದ ಶೋಕಕ್ಕೆ ಕಾರಣವಾದದ್ದು ಒಟ್ಟು ಒಂದು ನಿಮಿಷಕ್ಕಿಂತ ಕಡಿಮೆ ಆಟ.

ಸರಿ, ಇಷ್ಟೊಂದು ಚಂಚಲ ಎಂದಾದರೆ ನೋಡುವುದಾದರೂ ಏಕೆ? ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆ ಬಂತು.

ಒಂದು ವರ್ಷದ್ದನ್ನು ಬಿಟ್ಟು ದಶಕಗಳನ್ನು ನೋಡಿ (ಇಲ್ಲಿಂದ ಮುಂದೆ ಪಂದ್ಯಾವಳಿಗೆ ಹೇಳುವ ವರ್ಷ ಅದು ಮುಗಿದ ವರ್ಷ). ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಅಧಿಕೃತ ಪಂದ್ಯಾವಳಿ ಶುರುವಾದದ್ದು 1977ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಮೊದಲ ನಾಲ್ಕೂ ಚಿನ್ನ ಸೋವಿಯತ್ ಒಕ್ಕೂಟದ್ದೇ. ಆಗ ಕೆನಡಾ ಬಹುತೇಕ ವರ್ಷ ಕಳಿಸುತ್ತಿದ್ದದ್ದು ದೇಶದ ಆಯ್ದ ತಂಡವನ್ನಲ್ಲ. ತನ್ನ ಜೂನಿಯರ್ ಲೀಗ್‌ಗಳ ಚಾಂಪಿಯನ್ ಕ್ಲಬ್‌ಗೆ ನಾಲ್ಕಾರು ಜನರನ್ನು ಸೇರಿಸಿ ಅದನ್ನೇ ಕಳಿಸುತ್ತಿತ್ತು. 1978ರಲ್ಲಿ ಮಾತ್ರ ಸ್ವದೇಶದಲ್ಲಿ ಆಯ್ದ ತಂಡ ಆಡಿತು. ಮುಂದೆ ಈ ಆಟದ ದಂತಕಥೆಯಾದ, ಆಗಿನ್ನೂ ಹದಿನಾರರ ವೇಯ್ನ್ ಗ್ರೆಟ್ಜ್‌ಕಿ ಇಡೀ ಪಂದ್ಯಾವಳಿಯಲ್ಲೇ ಅತಿ ಹೆಚ್ಚು ಅಂಕ ಗಳಿಸಿದ, ಆದರೂ ಕೆನಡಾಕ್ಕೆ ಕಂಚೇ ಗತಿಯಾಯಿತು. 1981ರಲ್ಲಿ ಕ್ಲಬ್ ತಂಡ ಏಳನೆಯ ಸ್ಥಾನಕ್ಕೆ ಕುಸಿದಾಗ ದೇಶಕ್ಕೆ ಎಚ್ಚರವಾಯಿತು. ದೇಶದಾದ್ಯಂತದ ಹುಡುಗರನ್ನು ಬೇಸಿಗೆಯಲ್ಲೇ ಶಿಬಿರಕ್ಕೆ ಕರೆದು, ಒಂದೇ ರೀತಿಯ ಆಟ ಕಲಿಸಿ, ಚಳಿಗಾಲಕ್ಕೆ ತಂಡ ಕಟ್ಟುವ ಪದ್ಧತಿ ಶುರುವಾಯಿತು. ಮರುವರ್ಷವೇ ಚಿನ್ನ. ಪದಕ ಪ್ರದಾನದ ಹೊತ್ತಿಗೆ ನುಡಿಸಲು ಕೆನಡಾದ ರಾಷ್ಟ್ರಗೀತೆಯ ಮುದ್ರಿಕೆ ಇರಲಿಲ್ಲ, ಹುಡುಗರು ತಾವೇ ಹಾಡಿದರು. ಆಮೇಲೆ 1993ರಿಂದ 1997ರವರೆಗೆ ಸತತ ಐದು ಚಿನ್ನ, 2005ರಿಂದ 2009ರವರೆಗೆ ಮತ್ತೆ ಐದು.

ಅಮೆರಿಕದ ಕಥೆಯೂ ಹೀಗೆಯೇ. 1996ರಲ್ಲಿ ಹದಿನಾರು ಹದಿನೇಳರ ಹುಡುಗರಿಗಾಗಿ ಮಿಷಿಗನ್‌ನಲ್ಲಿ ರಾಷ್ಟ್ರೀಯ ತರಬೇತಿ ಕಾರ್ಯಕ್ರಮ ಆರಂಭವಾಯಿತು. ಅದುವರೆಗೆ ಒಂದೂ ಚಿನ್ನ ಕಾಣದ ದೇಶ 2004ರಲ್ಲಿ ಮೊದಲ ಚಿನ್ನ ಗೆದ್ದಿತು. ಆಮೇಲೆ 2010, 2013, 2017, 2021, 2024, 2025. ಈ ಸಾಲನ್ನು ಯಾರೂ ಅದೃಷ್ಟ ಎನ್ನಲಾರರು. ಚೆಕ್‌ರನ್ನು ನೋಡಿ. 2000 ಮತ್ತು 2001ರಲ್ಲಿ ಚಿನ್ನ ಗೆದ್ದವರು, 2005ರ ಕಂಚಿನ ನಂತರ ಹೆಚ್ಚುಕಡಿಮೆ ಎರಡು ದಶಕ ಪದಕದ ಮುಖ ನೋಡಲಿಲ್ಲ. ಹುಡುಗರು ಕೆಟ್ಟವರಾಗಿದ್ದರೆಂದಲ್ಲ, ತರಬೇತಿಯ ವ್ಯವಸ್ಥೆ ಹಿಂದೆ ಬಿದ್ದಿತ್ತು. 2023ರಲ್ಲಿ ಬೆಳ್ಳಿ, 2024ರಲ್ಲಿ ಕಂಚು, 2025ರಲ್ಲಿ ಕಂಚು ಬಂದಾಗ ಒಂದು ಪೀಳಿಗೆ ಸರಿಯಾಗಿ ಬೆಳೆದಿದೆ ಎಂಬುದು ಎಲ್ಲರಿಗೂ ತಿಳಿಯಿತು. ಸರಣಿಯಾಗಿ ಓದಿದರೆ ಫಲಿತಾಂಶಗಳು ಇಷ್ಟು ಸ್ಪಷ್ಟವಾಗಿ ಮಾತಾಡುತ್ತವೆ.

ಮೂರನೆಯ ಪ್ರಶ್ನೆ, ಹುಡುಗರ ಭವಿಷ್ಯ. ಇದು ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ, ಯಾಕೆಂದರೆ ಇಲ್ಲಿ ತಪ್ಪು ತಿಳಿವಳಿಕೆಯಿಂದ ನೋಯುವವರು ಮಕ್ಕಳು.

2016ರ ಹೆಲ್ಸಿಂಕಿ ಪಂದ್ಯಾವಳಿಯಲ್ಲಿ ಫಿನ್‌ಲೆಂಡ್ ಪರ ಮೂವರು ಒಂದೇ ಸಾಲಿನಲ್ಲಿ, ಅಂದರೆ ಒಟ್ಟಿಗೇ ಇಳಿಯುವ ಮೂವರು ಫಾರ್ವರ್ಡ್‌ಗಳಾಗಿ, ಆಡಿದರು: ಯೆಸ್ಸೆ ಪುಲ್ಯುಯಾರ್ವಿ, ಪಾಟ್ರಿಕ್ ಲೈನೆ, ಸೆಬಾಸ್ಟಿಯನ್ ಆಹೊ. ಫೈನಲ್‌ನಲ್ಲಿ ರಷ್ಯಾವನ್ನು ಓವರ್‌ಟೈಮ್‌ನಲ್ಲಿ ಸೋಲಿಸಿ ಚಿನ್ನ ಗೆದ್ದರು. ಅತಿ ಹೆಚ್ಚು ಅಂಕ, ಅತ್ಯುತ್ತಮ ಆಟಗಾರ ಎಂಬ ಗೌರವ, ಎರಡೂ ಹದಿನೇಳರ ಪುಲ್ಯುಯಾರ್ವಿಗೆ. ಅದೇ ಬೇಸಿಗೆಯ ಡ್ರಾಫ್ಟ್‌ನಲ್ಲಿ ಲೈನೆ ಎರಡನೆಯವನಾಗಿ, ಪುಲ್ಯುಯಾರ್ವಿ ನಾಲ್ಕನೆಯವನಾಗಿ ಹೋದರು. ಆಹೊ ಹಿಂದಿನ ವರ್ಷವೇ 35ನೆಯವನಾಗಿ ಆಯ್ಕೆಯಾಗಿದ್ದ, ಅವನ ಬಗ್ಗೆ ಅಷ್ಟು ಗದ್ದಲವಿರಲಿಲ್ಲ. ಇಂದು ಮೂವರ ಸಾಧನೆಯನ್ನು ಪಕ್ಕಪಕ್ಕ ಇಟ್ಟರೆ ಮೇಲೆ ನಿಲ್ಲುವವನು ಆಹೊ. ವರ್ಷಗಟ್ಟಲೆ ಕೆರೊಲಿನಾ ಕ್ಲಬ್‌ನ ಬೆನ್ನೆಲುಬಾಗಿ ಆಡಿದ್ದಾನೆ. ಪುಲ್ಯುಯಾರ್ವಿಗೆ ಎನ್‌ಎಚ್‌ಎಲ್‌ನಲ್ಲಿ ಅಂಥ ನೆಲೆ ಸಿಗಲೇ ಇಲ್ಲ. ಅದೇ ರಿಂಕ್, ಅದೇ ಸಾಲು, ಅದೇ ಹನ್ನೊಂದು ದಿನ ನೋಡಿದ ಸ್ಕೌಟ್‌ಗಳಿಗೂ, ಅಂದರೆ ಕ್ಲಬ್‌ಗಳಿಗಾಗಿ ಆಟಗಾರರನ್ನು ಹುಡುಕುವ ಪರಿಣತರಿಗೂ, ಈ ಕ್ರಮ ಕಾಣಲಿಲ್ಲ.

2015ರ ಅತ್ಯುತ್ತಮ ಆಟಗಾರ ಸ್ಲೊವಾಕಿಯಾದ ಗೋಲ್‌ಕೀಪರ್ ಡೆನಿಸ್ ಗೊಡ್ಲಾ. ತನ್ನ ದೇಶಕ್ಕೆ ಕಂಚು ತಂದುಕೊಟ್ಟವನು. ಎನ್‌ಎಚ್‌ಎಲ್‌ನ ಯಾವ ಕ್ಲಬ್ಬೂ ಅವನನ್ನು ಡ್ರಾಫ್ಟ್‌ನಲ್ಲಿ ಆರಿಸಲಿಲ್ಲ. ಅವನು ಯುರೋಪಿನ ಲೀಗ್‌ಗಳಲ್ಲಿ ಆಡಿದ. ಇನ್ನೊಂದು ಕಡೆ ಜರ್ಮನಿಯ ಲಿಯಾನ್ ಡ್ರೈಜೈಟ್ಲ್. ಅವನು ಆಡಿದ ಜರ್ಮನ್ ಜೂನಿಯರ್ ತಂಡ ಪದಕದ ಹತ್ತಿರಕ್ಕೂ ಬರಲಿಲ್ಲ. 2020ರಲ್ಲಿ ಅವನು ಎನ್‌ಎಚ್‌ಎಲ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದ.

ಪೀಟರ್ ಫಾರ್ಸ್‌ಬರ್ಗ್ ಥರದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. 1993ರಲ್ಲಿ ಸ್ವೀಡನ್‌ನ ಯೆವ್ಲೆಯಲ್ಲಿ ಏಳು ಪಂದ್ಯಗಳಲ್ಲಿ 31 ಅಂಕ ಗಳಿಸಿದ, ಆಮೇಲೆ ವಿಶ್ವದ ಶ್ರೇಷ್ಠರಲ್ಲಿ ಒಬ್ಬನಾದ. ಆದರೆ ಆ 31ರ ಒಳಗೂ ಒಂದು ವಿಷಯ ಅಡಗಿದೆ. ಆ ವರ್ಷ ಸ್ವೀಡನ್ ಜಪಾನ್ ಎದುರು ಒಂದೇ ಪಂದ್ಯದಲ್ಲಿ 20–1ರಿಂದ ಗೆದ್ದಿತ್ತು. ಅಂಕ ಎಣಿಸುವಾಗ ಯಾರ ಎದುರು ಗಳಿಸಿದ್ದು ಎಂದು ನೋಡಲೇಬೇಕು. ದುರ್ಬಲ ತಂಡದ ಎದುರು ಐದು, ಬಲಿಷ್ಠರ ಎದುರು ಸೊನ್ನೆ, ಹೀಗೆ ಅಂಕ ಕೂಡಿಸಿದ ಹುಡುಗರು ಪ್ರತಿ ವರ್ಷವೂ ಪಟ್ಟಿಯ ಮೇಲ್ಭಾಗದಲ್ಲಿ ಸಿಗುತ್ತಾರೆ.

ಮೂಲ ಕಾರಣ ವಯಸ್ಸು. ಹದಿನೇಳಕ್ಕೂ ಹತ್ತೊಂಬತ್ತಕ್ಕೂ ನಡುವಿನ ಎರಡು ವರ್ಷ ದೇಹದ ಲೆಕ್ಕದಲ್ಲಿ ಬಹಳ ದೊಡ್ಡದು. ಭುಜದ ಬಲ, ಕಾಲಿನ ಶಕ್ತಿ, ಹಲಗೆಯ ಬಳಿ ತಳ್ಳಾಟದಲ್ಲಿ ನಿಲ್ಲುವ ಗಟ್ಟಿತನ, ಎಲ್ಲವೂ ಆಗಲೇ ಬರುವುದು. ಬೇಗ ಬೆಳೆದ ಹುಡುಗ ಈ ಮಟ್ಟದಲ್ಲಿ ದೈತ್ಯನಂತೆ ಕಾಣುತ್ತಾನೆ. ಮೂರು ವರ್ಷದ ನಂತರ ಎಲ್ಲರೂ ಅವನಷ್ಟೇ ಬೆಳೆದಾಗ ಅವನ ಹತ್ತಿರ ಉಳಿಯುವುದು ಕೌಶಲ ಮತ್ತು ಆಟದ ಬುದ್ಧಿ ಮಾತ್ರ. ಅದು ಮೊದಲೇ ಇರದಿದ್ದರೆ ಅಲ್ಲಿಗೆ ಮುಗಿಯಿತು. ಹುಟ್ಟಿದ ತಿಂಗಳೂ ಇದರಲ್ಲಿ ಪಾಲು ಪಡೆಯುತ್ತದೆ. ವಯೋಮಿತಿ ಜನವರಿ 1ರ ಲೆಕ್ಕದಲ್ಲಿ ಇರುವುದರಿಂದ, ಕೆನಡಾದ ಜೂನಿಯರ್ ಹಾಕಿಯಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರ ಪಾಲು ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವರಿಗಿಂತ ಬಹಳ ಹೆಚ್ಚು ಎಂಬುದನ್ನು ಸಂಶೋಧಕರು 1980ರ ದಶಕದಲ್ಲೇ ತೋರಿಸಿದ್ದಾರೆ. ಚಿಕ್ಕಂದಿನಲ್ಲಿ ಹತ್ತು ತಿಂಗಳು ದೊಡ್ಡವನಾಗಿದ್ದವನಿಗೆ ಒಳ್ಳೆಯ ತಂಡ ಸಿಗುತ್ತದೆ, ಒಳ್ಳೆಯ ತಂಡದಲ್ಲಿ ಒಳ್ಳೆಯ ಕೋಚ್, ಹೆಚ್ಚು ಪಂದ್ಯ. ವರ್ಷ ಕಳೆದಂತೆ ಆ ಅಂತರ ಪ್ರತಿಭೆಯ ಅಂತರದಂತೆ ಕಾಣತೊಡಗುತ್ತದೆ.

ಇದನ್ನೆಲ್ಲ ಹೊತ್ತುಕೊಂಡು ಆಡುವವರು ಹದಿಹರೆಯದ ಮಕ್ಕಳು ಎಂಬುದು ನೋಡುವವರಿಗೆ ಮರೆತುಹೋಗುತ್ತದೆ. ಕೆನಡಾದಲ್ಲಿ 1991ರಿಂದ ಟಿಎಸ್‌ಎನ್ ವಾಹಿನಿ ಈ ಪಂದ್ಯಗಳನ್ನು ಮನೆಮನೆಗೆ ತಲುಪಿಸಿ ಇದನ್ನು ಕ್ರಿಸ್‌ಮಸ್ ರಜೆಯ ಭಾಗವನ್ನಾಗಿಯೇ ಮಾಡಿದೆ. 2012ರಲ್ಲಿ ಕ್ಯಾಲ್ಗರಿ ಮತ್ತು ಎಡ್ಮಂಟನ್‌ನಲ್ಲಿ ಒಟ್ಟು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಸ್ಟೇಡಿಯಂಗೆ ಬಂದರು. ಅಷ್ಟು ಜನರ ಎದುರು ಕೊನೆಯ ಕ್ಷಣದಲ್ಲಿ ಪಕ್ ತನ್ನ ಮೈಗೆ ತಾಗಿ ಒಳಹೋದ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರುವುದಿಲ್ಲ. ಅವನ ಹೆಸರಿಗೆ ಬೈಗುಳ ಸೇರಿಸಿ ಬರೆಯುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ದಯವಿಟ್ಟು ಆ ಗುಂಪಿಗೆ ಸೇರಬೇಡಿ.

ಹಾಗಾದರೆ ಹುಡುಗರಲ್ಲಿ ಏನನ್ನು ನೋಡಬೇಕು? ನಾನು ಮೊದಲು ತಂಡದ ಪಟ್ಟಿಯಲ್ಲಿ ಹುಟ್ಟಿದ ವರ್ಷ ನೋಡುತ್ತೇನೆ. ಹತ್ತೊಂಬತ್ತರವರ ನಡುವೆ ಹದಿನೇಳರವನೊಬ್ಬ ಅಂಕ ಗಳಿಸದೆಯೂ ಪ್ರತಿ ಪಂದ್ಯ ಆಡುತ್ತಿದ್ದಾನೆ ಎಂದರೆ ಕೋಚ್ ಅವನಲ್ಲಿ ಏನನ್ನೋ ಕಂಡಿದ್ದಾನೆ. ಆಮೇಲೆ, ಒಂದು ಗೋಲಿನ ಮುನ್ನಡೆ ಇದ್ದಾಗ ಕೊನೆಯ ಎರಡು ನಿಮಿಷ ಯಾರನ್ನು ರಿಂಕ್‌ಗೆ ಇಳಿಸುತ್ತಾರೆ ನೋಡಿ. ಪೆನಾಲ್ಟಿಯಿಂದ ಒಬ್ಬ ಕಡಿಮೆಯಾದಾಗ ಯಾರು ಮೊದಲು ಇಳಿಯುತ್ತಾರೆ ನೋಡಿ. ಕೋಚ್‌ಗಳು ನಂಬುವುದು ಯಾರನ್ನು ಎಂಬುದು ಅಲ್ಲಿ ಬಯಲಾಗುತ್ತದೆ. ಪಕ್ ಕೈಯಲ್ಲಿ ಇಲ್ಲದಾಗ ಹುಡುಗ ಏನು ಮಾಡುತ್ತಾನೆ, ತಲೆ ಎತ್ತಿ ಹಿಂದೆ ನೋಡುತ್ತಾನೆಯೇ, ಎದುರಾಳಿ ತನ್ನ ಗೋಲಿನತ್ತ ನುಗ್ಗಿದಾಗ ಕಾಲೆಳೆಯದೆ ಹಿಂದಕ್ಕೆ ಓಡಿ ಬರುತ್ತಾನೆಯೇ, ಇವು ಅಂಕಪಟ್ಟಿಗೆ ಬಾರದ, ಮುಂದೆ ಬಹಳ ಬೇಕಾಗುವ ಗುಣಗಳು. ಯುರೋಪಿನ ಹಳೆಯ ರಿಂಕ್‌ಗಳ ಅಗಲ 30 ಮೀಟರ್, ಉತ್ತರ ಅಮೆರಿಕದ್ದು 26. ಅಗಲದ ರಿಂಕ್‌ನಲ್ಲಿ ನಿಧಾನವಾಗಿ ಯೋಚಿಸಿ ಮಿಂಚಿದವನು ಕಿರಿದಾದಲ್ಲಿ ಉಸಿರು ಬಿಡಲೂ ಸಮಯ ಸಿಗದೆ ಮಂಕಾಗಬಹುದು. ಆದ್ದರಿಂದ ಪಂದ್ಯ ಎಲ್ಲಿ ನಡೆಯುತ್ತಿದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಗೋಲ್‌ಕೀಪರ್‌ಗಳಲ್ಲಿ ಮೊದಲ ತಡೆಗಿಂತ, ತಡೆದ ಪಕ್ ಎಲ್ಲಿ ಬಿತ್ತು ಎಂಬುದನ್ನು ಗಮನಿಸಿ. ಮುಂದೆಯೇ ಬಿದ್ದರೆ ಎದುರಾಳಿಗೆ ಎರಡನೆಯ ಅವಕಾಶ ಸಿಕ್ಕಿತೆಂದೇ ಅರ್ಥ.

ಕೊನೆಗೆ ಒಂದು ಸಲಹೆ. ಮುಂದಿನ ಬಾರಿ ಫೈನಲ್ ನೋಡಿ, ಅದರ ಜೊತೆಗೆ ಗುಂಪುಗಳಲ್ಲಿ ಕೊನೆಯ ಸ್ಥಾನ ಪಡೆದ ಎರಡು ತಂಡಗಳ ನಡುವಿನ ಪಂದ್ಯವನ್ನೂ ತಪ್ಪದೆ ನೋಡಿ. ಸೋತವರು ಮರುವರ್ಷ ಕೆಳಗಿನ ದರ್ಜೆಗೆ ಇಳಿಯುತ್ತಾರೆ, ಅಲ್ಲಿ ಗೆದ್ದ ತಂಡ ಮೇಲೆ ಬರುತ್ತದೆ. 2025ರಲ್ಲಿ ಜರ್ಮನಿ ಎದುರು ಕಝಾಕ್‌ಸ್ತಾನ ಸೋತು ಇಳಿಯಿತು, ಅದರ ಜಾಗಕ್ಕೆ ಡೆನ್ಮಾರ್ಕ್ ಬಂತು. ಆ ಪಂದ್ಯ ಆಡುವ ಹತ್ತೊಂಬತ್ತರ ಹುಡುಗರು ಗೆದ್ದರೂ ಸೋತರೂ ಮರುವರ್ಷ ಅಲ್ಲಿರುವುದಿಲ್ಲ. ಅವರು ಉಳಿಸಿಕೊಡುವುದೋ ಕಳೆದುಕೊಳ್ಳುವುದೋ ಏನಿದ್ದರೂ ಅದು ತಮಗಿಂತ ಒಂದೆರಡು ವರ್ಷ ಚಿಕ್ಕವರ ಜಾಗ, ಕೆನಡಾ ಸ್ವೀಡನ್‌ಗಳ ಎದುರು ಆಡುವ ಅವರ ಅವಕಾಶ. ಅದು ಗೊತ್ತಿದ್ದೇ ಅವರು ಹೊಡೆತಗಳ ಮುಂದೆ ಮೈ ಒಡ್ಡಿ ಬೀಳುತ್ತಾರೆ.